ಅಲೆ ಮೊಣಕಾಲುದ್ದ, ಗಾಳಿ ಇಲ್ಲ

ಆಗಸ್ಟ್ 4

ಪ್ರೀತಿಯ ಬೆಕ್ಕೇ,

ಭಾನುವಾರ ಫೋನಿನಲ್ಲಿ ನೀನು ಏನು ಹೇಳಿದೆಯೋ ನನಗೆ ಕೇಳಿಸಲಿಲ್ಲ, ನಾನು ಏನು ಕಿರುಚಿದೆನೋ ಅದು ಬೀದಿಗೆಲ್ಲ ಕೇಳಿಸಿತು. ಇಷ್ಟು ವರ್ಷ ಸಮುದ್ರದ ನೀರು ಕುಡಿದ ಕಿವಿ ಇದು, ಅದರ ಮೇಲೆ ಸಿಟ್ಟಾಗಿ ಪ್ರಯೋಜನವಿಲ್ಲ. ಇನ್ನು ಮೇಲೆ ಕಾಗದವೇ ಸರಿ. ಕಾಗದದಲ್ಲಿ ನೀನು ಪಿಸುಗುಟ್ಟಿದರೂ ನನಗೆ ಗೊತ್ತಾಗುತ್ತದೆ.

ಕೆಲಸದ ಮಾತಿಗೆ ಬರುತ್ತೇನೆ. ಸೆಪ್ಟೆಂಬರ್ 19ಕ್ಕೆ ಲೈಫ್‌ಗಾರ್ಡುಗಳ ಈಜು ಪರೀಕ್ಷೆ. ಕಾವಲು ಗೋಪುರದ ಮುಂದೆ ನೀರಿಗಿಳಿದು, ಆಚೆ ತೇಲಿಬಿಟ್ಟಿರುವ ಕಿತ್ತಳೆ ಬಣ್ಣದ ಪೀಪಾಯಿಯನ್ನು ಒಂದು ಸುತ್ತು ಹಾಕಿ, ಹೇಳಿದ ಸಮಯದೊಳಗೆ ದಡಕ್ಕೆ ಬರಬೇಕು. ಪ್ರತಿ ವರ್ಷ ಮಾಡಿದ್ದೇ. ಈ ವರ್ಷ ಮಾತ್ರ ಎಲ್ಲರೂ ನನ್ನನ್ನು ಗಾಜಿನ ಲೋಟ ನೋಡಿದ ಹಾಗೆ ನೋಡುತ್ತಿದ್ದಾರೆ. ಮಾರ್ಚಿನಲ್ಲಿ ಹೃದಯದ ನಾಳಕ್ಕೆ ಒಂದು ಪುಟ್ಟ ಕೊಳವೆ ಹಾಕಿದರು, ನಿಜ. ಆದರೆ ಈಜಬಹುದು ಅಂತ ಡಾಕ್ಟರೇ ಹೇಳಿದ್ದಾರೆ. "ಸಮುದ್ರ ಶಾಂತವಾಗಿದ್ದರೆ" ಅಂತ ಒಂದು ಬಾಲ ಸೇರಿಸಿದ್ದಾರೆ. ನಿನ್ನಮ್ಮ ಆ ಬಾಲ ಹಿಡಿದುಕೊಂಡೇ ಮನೆಯೆಲ್ಲ ಓಡಾಡುತ್ತಿದ್ದಾಳೆ.

ಗೆದ್ದರೆ ಇನ್ನೊಂದು ವರ್ಷ ನೀರಿನ ಕೆಲಸ. ಸೋತರೆ ಗೋಪುರದ ಮೇಲೆ ಕೂತು ದುರ್ಬೀನು ಹಿಡಿಯುವುದು. ಅದು ನನಗೆ ಬೇಡ.

ನೀನಂತೂ ಹವಾಮಾನ ಕಚೇರಿಯಲ್ಲಿ ಕೂತು ನಮ್ಮ ದಡದ ಅಲೆಗಾಳಿಯ ಮುನ್ಸೂಚನೆ ಬರೆಯುವವಳು. ನೀನು ಕಳಿಸುವ ಹಾಳೆಯಲ್ಲಿ "ಅಲೆ ಒಂದೂಕಾಲು ಮೀಟರ್, ಸಾಧಾರಣ" ಅಂತಿರುತ್ತದೆ. ದಡದ ಬೋರ್ಡಿನ ಮೇಲೆ ಅದನ್ನು ನಾನು "ಎದೆಮಟ್ಟ" ಅಂತ ಬರೆಯುತ್ತೇನೆ. ಮೀಟರ್ ಅಂದರೆ ಜನ ತಲೆಯಾಡಿಸಿಕೊಂಡು ನೀರಿಗೆ ಹೋಗುತ್ತಾರೆ, ಎದೆಮಟ್ಟ ಅಂದರೆ ಒಮ್ಮೆ ತಮ್ಮ ಎದೆ ನೋಡಿಕೊಳ್ಳುತ್ತಾರೆ. ಮುಂದಿನ ವಾರಗಳಲ್ಲಿ ಸಮುದ್ರ ಹೇಗಿರುತ್ತದೆ ಅಂತ ನನಗೂ ಸ್ವಲ್ಪ ಬಿಡಿಸಿ ಬರೆ. ನೀರು ಕಂಡರೆ ಹೆಗಲೇರಿ ಕೂರುತ್ತಿದ್ದ ಬೆಕ್ಕು ಇವತ್ತು ಇಡೀ ಸಮುದ್ರಕ್ಕೆ ಭವಿಷ್ಯ ಹೇಳುತ್ತಿದೆ ಅಂತ ಎಲ್ಲರ ಹತ್ತಿರ ಹೇಳಿಕೊಂಡು ತಿರುಗುತ್ತಿದ್ದೇನೆ. ಮಾನ ಉಳಿಸು.

ಇಂತಿ,
ಒದ್ದೆ ಚಡ್ಡಿಯ ನಿನ್ನ ಅಪ್ಪ


ಆಗಸ್ಟ್ 11

ಅಪ್ಪ,

ಬೆಕ್ಕು ಹುಷಾರಾಗಿದೆ. ನಮ್ಮ ಕಚೇರಿಯ ಕಿಟಕಿ ತೆರೆದರೆ ಕಾಣುವುದು ಬಸ್ ಡಿಪೋ. ತೊಳೆಯಲು ನಿಲ್ಲಿಸಿದ ಬಸ್ಸುಗಳಿಂದ ಇಳಿಯುವ ನೀರೇ ಇಲ್ಲಿನ ಸಮುದ್ರ. ಅದನ್ನು ನೋಡಿಕೊಂಡು ನಿಮ್ಮ ದಡದ ಅಲೆ ಲೆಕ್ಕ ಹಾಕುತ್ತೇನೆ.

ನೀವು ಕೇಳಿದ್ದಕ್ಕೆ ಉತ್ತರ. ಒಂದು ವಾರದ ಮಾತಾದರೆ ಧೈರ್ಯವಾಗಿ ಹೇಳಬಲ್ಲೆ. ಎರಡನೇ ವಾರಕ್ಕೆ ದನಿ ತಗ್ಗುತ್ತದೆ. ಮೂರನೆಯದು ಬರೀ ಅಂದಾಜು. ಸದ್ಯಕ್ಕೆ ದಡದ ಕಡೆಗೆ ಸಣ್ಣ ಗಾಳಿ, ನಿಮ್ಮ ಭಾಷೆಯಲ್ಲಿ ಸೊಂಟದ ಮಟ್ಟದ ಅಲೆ. ತಿಂಗಳ ಕೊನೆಗೆ ನಾಲ್ಕು ಹನಿ ಮಳೆ ಬರಬಹುದು. ಸೆಪ್ಟೆಂಬರ್ 19 ಇನ್ನೂ ನನ್ನ ಕಣ್ಣಿಗೆ ಬಿದ್ದಿಲ್ಲ. ನಮ್ಮ ಹಿರಿಯ ಅಧಿಕಾರಿ ಪೆಪ್ಪರ್‌ಮಿಂಟ್ ಚೀಪುತ್ತಾ ಒಂದೇ ಮಾತು ಹೇಳುತ್ತಾರೆ: "ಸಹಿ ಹಾಕೋಕೆ ಧೈರ್ಯ ಇರೋದನ್ನ ಮಾತ್ರ ಬರಿ." ಹಾಗಾಗಿ ಇಷ್ಟೇ.

ಇನ್ನೊಂದು ಮಾತು. ನೀವು ಈ ಪರೀಕ್ಷೆಗೆ ಇಳಿಯುವುದು ನನಗೆ ಇಷ್ಟವಿಲ್ಲ. ಮಾರ್ಚಿನಲ್ಲಿ ಆಸ್ಪತ್ರೆಯ ಕಾರಿಡಾರಿನಲ್ಲಿ ನಾನೂ ಅಮ್ಮನೂ ಕೂತಿದ್ದ ಬೆಂಚು ಇನ್ನೂ ನನಗೆ ಮರೆತಿಲ್ಲ. ಒಮ್ಮೆ ಹೇಳಿದ್ದೇನೆ, ಮತ್ತೆ ಹೇಳಿ ನಿಮ್ಮ ತಲೆ ತಿನ್ನುವುದಿಲ್ಲ. ಸಮುದ್ರದ ಸುದ್ದಿ ಮಾತ್ರ ಬರೆಯುತ್ತೇನೆ.

ನಿಮ್ಮ ಮಗಳು


ಆಗಸ್ಟ್ 20

ಮಗಳೇ,

ಇದನ್ನು ಓದಿ ಹರಿದುಹಾಕು. ನಿಮ್ಮಪ್ಪ ದಡಕ್ಕೆ ಹೋಗಿದ್ದಾರೆ, ಹೊಲಿಗೆ ಮಿಷನ್ನಿನ ಮೇಲೇ ಕಾಗದ ಇಟ್ಟುಕೊಂಡು ಬರೆಯುತ್ತಿದ್ದೇನೆ. ಗೋಪುರಕ್ಕೆ ಹೊಸ ಬಾವುಟಗಳು ಬೇಕಂತೆ. ಹಳದಿ ಮುಗಿದಿವೆ, ಕೆಂಪಿಗೆ ಇನ್ನೂ ಅಂಚು ಹೊಲಿಯಬೇಕು.

ದಿನಾ ಬೆಳಗ್ಗೆ ಅಭ್ಯಾಸ ಅಂತ ಹೋಗುತ್ತಾರೆ. ಬರುವಾಗ ತಲೆ ಒದ್ದೆ, ಚಡ್ಡಿ ಒಣ. ದಡದ ನಲ್ಲಿಗೆ ತಲೆಯೊಡ್ಡಿ ಬರುತ್ತಾರೆ. ಬಟ್ಟೆ ಒಗೆಯುವವಳಿಗೆ ಇಷ್ಟು ತಿಳಿಯುವುದಿಲ್ಲವೇ? ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. "ಇವತ್ತು ನೀರು ಚೆನ್ನಾಗಿತ್ತು" ಅನ್ನುತ್ತಾರೆ, "ಹೌದಾ" ಅನ್ನುತ್ತೇನೆ. ಹೀಗೆ ನಡೆದಿದೆ ಸಂಸಾರ.

ನನಗೆ ತುಂಬ ಹೆದರಿಕೆಯಾಗಿದೆ. ಒಳಗೊಳಗೇ ಹೆದರಿದ ಮನುಷ್ಯ ಹತ್ತು ಜನರ ಮುಂದೆ ಮಾನಕ್ಕಾಗಿ ನೀರಿಗೆ ಬಿದ್ದರೆ ಏನು ಗತಿ? ನನ್ನ ಮಾತು ಅವರ ಕಿವಿಗೆ ಹೋಗುವುದಿಲ್ಲ, ಅದಕ್ಕೆ ಸಮುದ್ರದ ನೀರೇ ಕಾರಣ ಅಂತೇನೂ ಇಲ್ಲ. ನಿನ್ನ ಹಾಳೆಯನ್ನು ಮಾತ್ರ ಕಣ್ಣಿಗೊತ್ತಿಕೊಂಡು ಓದುತ್ತಾರೆ. ಹತ್ತೊಂಬತ್ತಕ್ಕೆ ದೊಡ್ಡ ಅಲೆ ಇದೆ ಅಂತ ಬರೆದುಬಿಡು. ಒಂದು ಸಾಲು ಸಾಕು. ಆ ದಿನ ತಪ್ಪಿದರೆ, ನಾವಾಗಿ ಕರೆಯದಿದ್ದರೆ ಪರೀಕ್ಷೆಯವರು ಮತ್ತೆ ಈ ಕಡೆ ತಲೆ ಹಾಕುವುದು ಮುಂದಿನ ವರ್ಷವೇ.

ಅಮ್ಮ


ಆಗಸ್ಟ್ 26

ಅಮ್ಮಾ,

ಹರಿದುಹಾಕಿದೆ. ಆದರೆ ನೀನು ಹೇಳಿದ್ದನ್ನು ಮಾಡಲಾರೆ.

ಆ ಹಾಳೆಯನ್ನು ಓದುವುದು ಅಪ್ಪ ಒಬ್ಬರೇ ಅಲ್ಲ. ದೋಣಿಯವರು ಓದುತ್ತಾರೆ, ಮಕ್ಕಳನ್ನು ಈಜಿಗೆ ಕಳಿಸುವವರು ಓದುತ್ತಾರೆ. ಒಮ್ಮೆ ಇಲ್ಲದ ಅಲೆ ಬರೆದರೆ, ಇರುವ ಅಲೆ ಬರೆದ ದಿನ ಅವರು ನಂಬುತ್ತಾರೆಯೇ? ನಿನ್ನಷ್ಟೇ ಹೆದರಿಕೆ ನನಗೂ ಇದೆ. ನಿನ್ನ ಕಾಗದ ಓದಿದ ಮೇಲೆ ಇನ್ನೂ ಹೆಚ್ಚಾಗಿದೆ. ಬೈಯಬೇಕೆನಿಸಿದರೆ ಬೈದು ಬರೆ, ಸುಮ್ಮನಿರಬೇಡ.

ನಿನ್ನ ಮಗಳು


ಸೆಪ್ಟೆಂಬರ್ 12

ಅಪ್ಪ,

ಈ ಕಾಗದವನ್ನು ದಯವಿಟ್ಟು ನಿಧಾನವಾಗಿ ಓದಿ.

ಮೂರು ದಿನದ ಹಿಂದೆ ದೂರದ ನಡುಸಮುದ್ರದಲ್ಲಿ ಒಂದು ದೊಡ್ಡ ಬಿರುಗಾಳಿ ಎದ್ದಿದೆ. ಅದು ನಿಮ್ಮ ಕಡೆಗೆ ಬರುವುದಿಲ್ಲ. ನಿಮಗೆ ಮೋಡವೂ ಕಾಣುವುದಿಲ್ಲ, ಗಾಳಿಯೂ ತಾಗುವುದಿಲ್ಲ. ಆದರೆ ಅದು ಎಬ್ಬಿಸಿದ ಅಲೆಗಳು ಹೊರಟಾಗಿವೆ. 19ರ ಮಧ್ಯಾಹ್ನದ ಹೊತ್ತಿಗೆ ನಿಮ್ಮ ದಡ ಮುಟ್ಟುತ್ತವೆ. ತಲೆಯ ಮೇಲೆ ಹೋಗುವಷ್ಟು ಎತ್ತರ. ಅವುಗಳ ಕೆಟ್ಟ ಬುದ್ಧಿಯೆಂದರೆ, ನಾಲ್ಕೈದು ಒಟ್ಟಿಗೆ ಬರುತ್ತವೆ, ಆಮೇಲೆ ಏನೂ ಆಗಿಲ್ಲವೆಂಬಂತೆ ಬಹಳ ಹೊತ್ತು ಸುಮ್ಮನಿರುತ್ತವೆ. ಆ ಬಿಡುವು ನೋಡಿ ಜನ ನೀರಿಗಿಳಿಯುತ್ತಾರೆ. ಬೆಳಗ್ಗೆ ಸಮುದ್ರ ತಟ್ಟೆಯ ಹಾಗಿದ್ದರೂ ಅವತ್ತು ಯಾರನ್ನೂ ಇಳಿಸಬೇಡಿ. ಇಂಥ ಅಲೆ ಹೇಳಿದ್ದಕ್ಕಿಂತ ಬೇಗ ಬರುವುದೂ ಉಂಟು. ನೀವೂ ಇಳಿಯಬೇಡಿ.

ನಿಮ್ಮ ಮಗಳು


ಸೆಪ್ಟೆಂಬರ್ 14

ಮಗಳಿಗೆ,

ನಿನ್ನ ಕಾಗದವೂ ಬಂತು, ಕಚೇರಿಯ ಹಾಳೆಯೂ ಬಂತು. ಹಾಳೆಯನ್ನು ಮೇಜಿನ ಮೇಲಿಟ್ಟು ಕನ್ನಡಕ ಹುಡುಕಲು ಹೋಗಿದ್ದೆ. ಬಂದು ನೋಡಿದರೆ ನಿನ್ನಮ್ಮ ಅದನ್ನು ಎದೆಗೊತ್ತಿಕೊಂಡು ನಿಂತಿದ್ದಾಳೆ. "ಆಗಲ್ಲ ಆಗಲ್ಲ ಅಂತ ಬರೆದಿದ್ದಳು, ಕೊನೆಗೂ ನನ್ನ ಮಾತು ಉಳಿಸಿದಳು" ಅಂತ ನನ್ನ ಕಿವಿಗೂ ಕೇಳುವಷ್ಟು ಜೋರಾಗಿ ಅಂದಳು, ನಾನು ಹಿಂದೆ ನಿಂತಿದ್ದು ಗೊತ್ತಿಲ್ಲದೆ. ಆಮೇಲೆ ಕೇಳಿದರೆ ಎಲ್ಲಾ ಬಾಯಿಬಿಟ್ಟಳು.

ಅವಳ ಮೇಲೆ ನನಗೆ ಸಿಟ್ಟಿಲ್ಲ. ಅವಳಿಗೆ ನನ್ನ ಚಿಂತೆ. ನಿನ್ನ ಮೇಲೆ ಸಿಟ್ಟಿದೆ. ಮನೆಯ ಜಗಳವನ್ನು ಕಚೇರಿಯ ಹಾಳೆಗೆ ತಂದೆಯಲ್ಲ, ಅದನ್ನು ನೋಡಿಕೊಂಡು ನಾನು ಊರ ಜನರನ್ನೆಲ್ಲ ನೀರಿಗೆ ಬಿಡುವವನು. ಮೋಡವಿಲ್ಲ, ಗಾಳಿಯಿಲ್ಲ, ಅಲೆ ಮಾತ್ರ ಬರುತ್ತದೆ, ಅದೂ ಸರಿಯಾಗಿ ಹತ್ತೊಂಬತ್ತಕ್ಕೇ ಬರುತ್ತದೆ! ನನ್ನನ್ನು ಎಷ್ಟು ಪೆದ್ದ ಅಂದುಕೊಂಡಿದ್ದೀಯ?

ನಾನು ಈಜುತ್ತೇನೆ.

ಅಪ್ಪ


ಸೆಪ್ಟೆಂಬರ್ 16
(ತುರ್ತು ಅಂಚೆ)

ಅಪ್ಪ,

ನಿಮ್ಮ ಕಾಗದ ಓದಿ ಕಚೇರಿಯ ಮೆಟ್ಟಿಲ ಮೇಲೆ ಕೂತು ಅತ್ತೆ. ಈಗ ಮುಖ ತೊಳೆದುಕೊಂಡು ಬಂದಿದ್ದೇನೆ.

ಅಮ್ಮ ಕೇಳಿದ್ದು ನಿಜ. ನಾನು ಆಗುವುದಿಲ್ಲ ಅಂದದ್ದೂ ನಿಜ. ಆಮೇಲೆ ಆ ಬಿರುಗಾಳಿ ತಾನಾಗಿಯೇ ಎದ್ದಿತು, ನಮ್ಮ ಮನೆಯ ಮಾತು ಕೇಳಿಸಿಕೊಂಡು ಎದ್ದದ್ದಲ್ಲ. ಆದರೆ ಇದನ್ನು ನಿಮಗೆ ಹೇಗೆ ನಂಬಿಸಲಿ? ಬಿರುಗಾಳಿಯ ನಕ್ಷೆ ಕಳಿಸಿದರೆ ಅದನ್ನೂ ನಾನೇ ಬರೆದೆ ಅನ್ನುತ್ತೀರಿ. ಆಗಿನಿಂದ ಯೋಚಿಸಿ ಯೋಚಿಸಿ ತಲೆ ಚಿಟ್ಟು ಹಿಡಿದಿದೆ. ಒಂದೇ ದಾರಿ ತೋಚಿತು, ಅದು ನನಗೆ ಒಂದಿಷ್ಟೂ ಇಷ್ಟವಿಲ್ಲದ ದಾರಿ.

ಅಪ್ಪ, 27ರ ಬೆಳಗ್ಗೆ ಸಮುದ್ರ ಶಾಂತವಾಗಿರುವ ಹಾಗೆ ಕಾಣುತ್ತಿದೆ. ಈ ಅಲೆಗಳೆಲ್ಲ ಅಷ್ಟರಲ್ಲಿ ಇಳಿದಿರುತ್ತವೆ. ಇದು ಎರಡನೇ ವಾರದ ಮಾತು, ಪೂರ್ತಿ ನಂಬಬೇಡಿ, 24ಕ್ಕೆ ಮತ್ತೆ ಬರೆದು ಖಚಿತ ಮಾಡುತ್ತೇನೆ. ಅದಾದ ಮೇಲೆ ಗಾಳಿ ತಿರುಗುತ್ತದೆ, ಈ ಸೀಸನ್ ಮುಗಿಯುವವರೆಗೆ ಅಂಥ ಇನ್ನೊಂದು ದಿನ ಸಿಗುವ ಸೂಚನೆ ಇಲ್ಲ. ನಿಮ್ಮನ್ನು ದಡದಲ್ಲಿ ಕೂರಿಸುವುದೇ ನನ್ನ ಉದ್ದೇಶವಾಗಿದ್ದರೆ ಈ ದಿನದ ಬಗ್ಗೆ ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಪರೀಕ್ಷಕರನ್ನು 27ಕ್ಕೆ ಕರೆಯಿರಿ. ಈಜಲೇಬೇಕೆಂದರೆ ಅವತ್ತು ಈಜಿ.

ನಿಮ್ಮ ಮಗಳು


ಸೆಪ್ಟೆಂಬರ್ 20

ಬೆಕ್ಕೇ,

ಯಾರಿಗೂ ಏನೂ ಆಗಿಲ್ಲ ಅಂತ ನನ್ನ ಜೊತೆಯ ಲೈಫ್‌ಗಾರ್ಡು ಸಿಳ್ಳೆ ನಿನಗೆ ಫೋನು ಮಾಡಿದಳಂತೆ. ಮಾತುಮಾತಿಗೂ ಸಿಳ್ಳೆ ಊದುತ್ತಾಳೆಂದು ಆ ಹೆಸರು ಬಿದ್ದ ಹುಡುಗಿ, ಊದಿ ಊದಿ ಅವಳ ತುಟಿ ಬಾತುಕೊಂಡಿದೆ. ಉಳಿದದ್ದನ್ನು ನಾನು ಬರೆಯುತ್ತೇನೆ.

ನಿನ್ನ ಕಾಗದ ಹದಿನೇಳಕ್ಕೆ ಬಂತು. ನಿನ್ನಮ್ಮನಿಗೂ ಓದಿ ಹೇಳಿದೆ. ಅವಳು ಕತ್ತರಿ ಕೆಳಗಿಟ್ಟು, "ಅವಳಿಗೇನು ತಲೆ ಕೆಟ್ಟಿದೆಯಾ? ಒಳ್ಳೆ ದಿನ ಯಾವುದು ಅಂತ ನಿಮಗ್ಯಾಕೆ ಹೇಳಬೇಕಿತ್ತು?" ಅಂದಳು. ಅವಳ ಮುಖ ನೋಡಿದ ಮೇಲೆ ಹತ್ತೊಂಬತ್ತರ ಅಲೆ ನಿಜ ಅಂತ ನನಗೆ ಗೊತ್ತಾಯಿತು.

ಹತ್ತೊಂಬತ್ತರ ಬೆಳಗ್ಗೆ ಆಕಾಶ ತೊಳೆದಿಟ್ಟ ಹಾಗಿತ್ತು. ನೀರು ಅಲ್ಲಾಡುತ್ತಿರಲಿಲ್ಲ. ನಾನು ಕೆಂಪು ಬಾವುಟ ಏರಿಸಿ, ಬೋರ್ಡಿನ ಮೇಲೆ "ತಲೆಗಿಂತ ಮೇಲೆ" ಅಂತ ದಪ್ಪಕ್ಷರದಲ್ಲಿ ಬರೆದೆ. ಗಾಳಿ ತುಂಬಿದ ಟ್ಯೂಬು ಹೊತ್ತುಕೊಂಡು ಮನೆಮಂದಿಯೊಡನೆ ಬಂದಿದ್ದ ಒಬ್ಬರು ಬೋರ್ಡು ಓದಿ, ನೀರು ನೋಡಿ, "ಯಾರ ತಲೆ ಸಾರ್, ಇರುವೆದಾ?" ಅಂದರು. ದಡವೆಲ್ಲ ನಕ್ಕಿತು. ಸರ್ಫಿಂಗ್ ಹಲಗೆಯ ಹುಡುಗರೂ ಮೂತಿ ಉಬ್ಬಿಸಿಕೊಂಡು ಮರಳಲ್ಲಿ ಕೂತಿದ್ದರು.

ಪರೀಕ್ಷಕರು ಬಂದರು. ಬೇಡ ಅಂತ ಹೇಳಿಕಳಿಸಿದ್ದರೂ ಬಂದರು. ಸಮುದ್ರ ನೋಡಿದರು, ಬಾವುಟ ನೋಡಿದರು, ಕೊನೆಗೆ ನನ್ನ ಎದೆ ನೋಡಿದರು. "ಭಯ ಇದ್ರೆ ಹೇಳಿಬಿಡಿ, ಅದಕ್ಯಾಕೆ ಇಡೀ ಬೀಚು ಮುಚ್ಚಿಸ್ತೀರಿ?" ಅಂದರು. ಎಲ್ಲರ ಎದುರಿಗೇ ಅಂದರು. ಒಂದು ಕ್ಷಣ ಅಂಗಿ ಬಿಚ್ಚಿ ನೀರಿಗೆ ಬೀಳೋಣ ಅನಿಸಿತು. "ಇವತ್ತು ಯಾರೂ ಇಳಿಯೋ ಹಾಗಿಲ್ಲ ಸಾರ್, ಇಪ್ಪತ್ತೇಳಕ್ಕೆ ಬನ್ನಿ" ಅಂದೆ. ಅವರು ಅಂಗಡಿಯ ನೆರಳಿಗೆ ಹೋಗಿ ಚಹಾ ತರಿಸಿಕೊಂಡು ಕೂತರು, ನನ್ನ ತಮಾಷೆ ನೋಡಲು.

ಮಧ್ಯಾಹ್ನದ ಹೊತ್ತಿಗೆ ನನಗೂ ನಿನ್ನ ಮೇಲೆ ಅನುಮಾನ ಶುರುವಾಗಿತ್ತು, ಸುಳ್ಳು ಹೇಳುವುದಿಲ್ಲ. ಜನ ಬಾವುಟ ದಾಟಿ ಮುಂದೆ ಮುಂದೆ ಬರುತ್ತಿದ್ದರು, ಸಿಳ್ಳೆ ಊದುತ್ತಲೇ ಇದ್ದಳು. ಮೊದಲು ಎದ್ದು ನಿಂತವರು ಹಲಗೆ ಹುಡುಗರು. ದೂರದಲ್ಲಿ ನೀರಿನ ಮೇಲೆ ಗೆರೆ ಎಳೆದ ಹಾಗೆ ಕಾಣುತ್ತಿತ್ತು, ಒಂದರ ಹಿಂದೆ ಒಂದು. ಅಷ್ಟು ಎತ್ತರದ ಅಲೆ ಅಷ್ಟು ನಿಶ್ಶಬ್ದವಾಗಿ ಬಂದದ್ದನ್ನು ನಾನು ನೋಡಿರಲಿಲ್ಲ. ಕಿತ್ತಳೆ ಪೀಪಾಯಿ ಸರಪಳಿ ಕಿತ್ತುಕೊಂಡು ಹೋಯಿತು. ಮರಳಲ್ಲಿ ಬಿಟ್ಟಿದ್ದ ಟ್ಯೂಬು ಹೋಯಿತು, ಕುರ್ಚಿಗಳು ಹೋದವು, ಪರೀಕ್ಷಕರ ಚಹಾ ಲೋಟವೂ ಹೋಯಿತು. ಆಮೇಲೆ ಮತ್ತೆ ಶಾಂತ, ನೀನು ಹೇಳಿದ ಹಾಗೆಯೇ. ಆಗ ಮಾತ್ರ ಯಾರೂ ಮುಂದಕ್ಕೆ ಬರಲಿಲ್ಲ. ಇರುವೆ ತಲೆಯ ಯಜಮಾನರು ಮಕ್ಕಳಿಬ್ಬರ ಕೈ ಗಟ್ಟಿಯಾಗಿ ಹಿಡಿದುಕೊಂಡು ನಿಂತಿದ್ದರು. ಪರೀಕ್ಷಕರು ಒದ್ದೆ ಬೂಟು ಕೈಯಲ್ಲಿ ಹಿಡಿದುಕೊಂಡು ಬಂದು, "ಇಪ್ಪತ್ತೇಳು ಅಂದ್ರಲ್ಲ?" ಅಂದರು.

ನೀರಿನಲ್ಲಿ ಒಬ್ಬನೇ ಒಬ್ಬನೂ ಇರಲಿಲ್ಲ, ಬೆಕ್ಕೇ. ಅದನ್ನು ನೆನೆಸಿಕೊಂಡರೆ ಈಗಲೂ ಮೈ ಹಗುರಾಗುತ್ತದೆ. ನಿನಗೆ ಬರೆದ ಮಾತಿಗೆ ನಾಚಿಕೆಯಾಗಿದೆ, ಹೊಟ್ಟೆಗೆ ಹಾಕಿಕೋ.

ಅಪ್ಪ


ಸೆಪ್ಟೆಂಬರ್ 22

ಮಗಳೇ,

ನೀನು ನನಗೋಸ್ಕರ ಬರೆದೆ ಅಂದುಕೊಂಡು ನಾಲ್ಕು ದಿನ ಖುಷಿಯಾಗಿದ್ದೆ. ಅಲೆ ನಿಜವಾಗಿ ಬಂದಾಗ ಹಿತ್ತಿಲ ಬಾಗಿಲಿಗೆ ಓಡಿ ದಡದ ಕಡೆ ನೋಡುತ್ತಾ ನಿಂತೆ. ನೀನು ಬರೆದದ್ದು ಸುಳ್ಳು ಅಂತ ನಂಬಿದವಳು ನಾನು, ನನ್ನ ಮಾತು ಕೇಳಿ ಅವರು ಇಳಿದಿದ್ದರೆ?

ಅದಕ್ಕೆ ಇಪ್ಪತ್ತೇಳರ ವಿಷಯದಲ್ಲಿ ಬಾಯಿ ಬಿಡುವುದಿಲ್ಲ. ಆದರೆ ನೀನು ಆ ದಿನ ಹೇಳಬಾರದಿತ್ತು ಅಂತ ಒಳಗೆ ಅನಿಸುತ್ತಲೇ ಇದೆ. ನೀನು ಏನೇ ಬರೆದರೂ ಸರಿ, ನಿಜ ಬರೆ.

ಅಮ್ಮ


ಸೆಪ್ಟೆಂಬರ್ 24
(ಕಾರ್ಡು)

ಅಪ್ಪ,

27ರ ಬೆಳಗ್ಗೆ. ಅಲೆ ಮೊಣಕಾಲುದ್ದ. ಗಾಳಿ ಇಲ್ಲ. ಸೆಳೆತ ಇಲ್ಲ. ದೂರದಿಂದ ಬರುವುದು ಏನೂ ಇಲ್ಲ, ನಾಲ್ಕು ಸಲ ನೋಡಿದ್ದೇನೆ.

ಈಜಬಹುದು.

ಸಹಿ ಹಾಕಿದ್ದೇನೆ.
ನಿಮ್ಮ ಮಗಳು


ಸೆಪ್ಟೆಂಬರ್ 28

ನನ್ನ ಬೆಕ್ಕೇ,

ನಿನ್ನೆ ನಿನ್ನಮ್ಮ ಫೋನಿನಲ್ಲಿ "ಬಂದರು, ಬಂದರು" ಅಂತಷ್ಟೇ ಹೇಳಿ ಇಟ್ಟುಬಿಟ್ಟಳಂತೆ. ಬಂದದ್ದು ನಿಜ. ಆದರೆ ಫೇಲಾದೆ.

ಇದನ್ನು ಬರೆಯುವಾಗ ಬೇಜಾರಾಗುತ್ತದೆ ಅಂದುಕೊಂಡಿದ್ದೆ. ಕೈಕಾಲಿಗೆ ಕಟ್ಟಿದ್ದ ಕಲ್ಲು ಯಾರೋ ಬಿಚ್ಚಿದ ಹಾಗಿದೆ. ಕ್ರಮವಾಗಿ ಹೇಳುತ್ತೇನೆ.

ನೀನು ಬರೆದ ಹಾಗೆಯೇ ಇತ್ತು ಸಮುದ್ರ. ಹೊಸ ಪೀಪಾಯಿ ಕಟ್ಟಿದ್ದರು, ಅದು ಇದ್ದಲ್ಲೇ ನಿಂತಿತ್ತು. ನಿನ್ನಮ್ಮ ದಡಕ್ಕೆ ಬಂದಿದ್ದಳು, ಆದರೆ ಸಮುದ್ರಕ್ಕೆ ಬೆನ್ನು ಹಾಕಿ ನಿಂತು, "ಎಲ್ಲಿದ್ದಾರೆ? ಈಗ ಎಲ್ಲಿದ್ದಾರೆ?" ಅಂತ ಸಿಳ್ಳೆಯನ್ನು ಕೇಳುತ್ತಿದ್ದಳಂತೆ. ಆ ಹುಡುಗಿಗೆ ನನ್ನನ್ನು ನೋಡುವುದೋ ಇವಳಿಗೆ ಉತ್ತರ ಕೊಡುವುದೋ ತಿಳಿಯದೆ ಪರದಾಟ.

ನಿನಗೆ ಹೇಳದ ಒಂದು ವಿಷಯವಿದೆ. ಆಸ್ಪತ್ರೆಯಿಂದ ಬಂದಮೇಲೆ ನಾನು ಮೊಣಕಾಲಿಗಿಂತ ಆಳಕ್ಕೆ ಹೋಗಿರಲಿಲ್ಲ. ಹೋಗಲು ಆಗಿರಲಿಲ್ಲ. ದಿನಾ ಹೋಗಿ ನಿಲ್ಲುತ್ತಿದ್ದೆ, ಎದೆಯೊಳಗೆ ಏನೋ ಕದಲಿದ ಹಾಗಾಗುತ್ತಿತ್ತು, ವಾಪಸ್ಸು ಬರುತ್ತಿದ್ದೆ. ಹುಟ್ಟಿದಾಗಿನಿಂದ ನೀರಿನಲ್ಲೇ ಇದ್ದವನು ನೀರಿಗೆ ಹೆದರುತ್ತೇನೆ ಅಂತ ಯಾರಿಗೆ ಹೇಳಲಿ? ನಿನ್ನಮ್ಮನಿಗೆ ಮೊದಲೇ ಗೊತ್ತಿತ್ತಂತೆ. ನಿನ್ನೆ ಸಂಜೆ ಇಬ್ಬರೂ ಕೂತು ನಕ್ಕೆವು, ಅವಳು ಸ್ವಲ್ಪ ಅತ್ತಳು.

ನಿನ್ನೆ ಇಳಿದೆ. ಸೊಂಟ ದಾಟಿತು, ಎದೆ ದಾಟಿತು, ಕೈ ಬೀಸಿದೆ. ತೋಳುಗಳಿಗೆ ಎಲ್ಲಾ ನೆನಪಿತ್ತು. ಪೀಪಾಯಿ ಇನ್ನೇನು ಮುಟ್ಟಬೇಕು, ಎದೆ ಡಬಡಬ ಹೊಡೆದುಕೊಳ್ಳಲು ಶುರುವಾಯಿತು. ನೋವಲ್ಲ, ಬರೀ ಭಯ. ಮುಗಿಯಿತು ನನ್ನ ಕಥೆ ಅನಿಸಿತು. ಈಜುವುದು ನಿಲ್ಲಿಸಿ ಅಂಗಾತ ತೇಲಿದೆ. ಸಿಳ್ಳೆ ಹಲಗೆ ಹಿಡಿದು ನೀರಿಗೆ ಓಡಿಬಂದಳು, ಬೇಡ ಅಂತ ಕೈ ಎತ್ತಿದೆ. ಎಷ್ಟು ಹೊತ್ತು ಹಾಗಿದ್ದೆನೋ ಗೊತ್ತಿಲ್ಲ, ಎದೆ ನಿಧಾನವಾಗಿ ತನ್ನ ಹಳೇ ತಾಳಕ್ಕೆ ಬಂತು. ಆಮೇಲೆ ಪೀಪಾಯಿ ಸುತ್ತಿ ದಡಕ್ಕೆ ಬಂದೆ. ಪರೀಕ್ಷಕರು ಗಡಿಯಾರವನ್ನು ಬಹಳ ಹೊತ್ತು ನೋಡಿದರು, ನೋಡುತ್ತಲೇ ಇದ್ದರೆ ಮುಳ್ಳು ಹಿಂದಕ್ಕೆ ಹೋಗುತ್ತದೇನೋ ಅನ್ನುವ ಹಾಗೆ. ಒಳ್ಳೆಯ ಮನುಷ್ಯ. "ಗೋಪುರದ ಕೆಲಸಕ್ಕೆ ಬರೆದುಕೊಡ್ಲಾ?" ಅಂದರು. ಅವರ ಮಾತು ಮುಗಿಯುವ ಮೊದಲೇ "ಆಗಲಿ ಸಾರ್" ಅಂದೆ. ಮುಳುಗುತ್ತಿರುವವನ ಹತ್ತಿರ ಹೋಗಿ ನಾನು ಅಂಗಾತ ಮಲಗುವ ಹಾಗಿಲ್ಲವಲ್ಲ.

ಇನ್ನೊಂದೇ ಮಾತು. ಅಲ್ಲಿ ಹೆದರಿದಾಗ ನನ್ನ ಎದೆಯ ಮೇಲೆ ನನಗೆ ಚೂರೂ ನಂಬಿಕೆ ಇರಲಿಲ್ಲ. ಡಾಕ್ಟರ ಮಾತೂ ನೆನಪಿಗೆ ಬರಲಿಲ್ಲ. ಆದರೆ ಹಿಂದಿನಿಂದ ಯಾವ ಅಲೆಯೂ ಬಂದು ನನ್ನನ್ನು ಮುಚ್ಚುವುದಿಲ್ಲ ಅನ್ನುವುದು ಮಾತ್ರ ಖಂಡಿತವಾಗಿ ಗೊತ್ತಿತ್ತು. ಹಾಗೆ ಬರೆದುಕೊಟ್ಟವಳು ನಾನು ನೀರಿಗೆ ಇಳಿಯಲೇಬಾರದು ಅಂತ ಬಯಸಿದವಳು. ಅವಳೇ ಶಾಂತ ಅಂದಮೇಲೆ ಇನ್ನೇನು. ಕಣ್ಣು ಮುಚ್ಚಿ ಕೈಕಾಲು ಸಡಿಲ ಬಿಟ್ಟೆ, ನೀರು ನನ್ನನ್ನು ಹೊತ್ತುಕೊಂಡಿತು.

ನಿನ್ನ ಅಪ್ಪ